ಕಲಿಸುವವರೂ ಕಲಿಯಬೇಕಾದ ಊರು

ಸಿಂಧನೂರಿನಿಂದ ಸಿರುಗುಪ್ಪದ ಕಡೆಗೆ ಹೊರಟ ಪ್ರಯಾಣಿಕನು ತುಂಗಭದ್ರೆಯ ಸೇತುವೆಯನ್ನು ದಾಟುವ ಮುನ್ನ ದಢೇಸುಗೂರನ್ನು ಹಾದುಹೋಗಬೇಕು. ಬಸ್ಸಿನಲ್ಲಿ ಕುಳಿತವನ ಕಣ್ಣಿಗೆ ಅದು ಹೊಳೆಯ ದಂಡೆಯ ಒಂದು ಸಾಮಾನ್ಯ ಹಳ್ಳಿ. ಆದರೆ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದ ಸಂಶೋಧನಾ ಕೇಂದ್ರವೊಂದು ಇಲ್ಲಿದೆ. ಬೇಲಿಯ ಒಳಗೆ ವಿಶ್ವವಿದ್ಯಾನಿಲಯದ ಹೊಲ, ಬೇಲಿಯ ಹೊರಗೆ ರೈತನ ಹೊಲ. ಎರಡಕ್ಕೂ ಒಂದೇ ಮಣ್ಣು, ಒಂದೇ ಬಿಸಿಲು, ಒಂದೇ ಮಳೆ. ಒಳಗಿನ ಹೊಲದಲ್ಲಿ ಪ್ರತಿಯೊಂದು ಮಡಿಗೂ ಗುರುತಿನ ಫಲಕವುಂಟು, ಲೆಕ್ಕದ ಪುಸ್ತಕವುಂಟು. ಹೊರಗಿನ ಹೊಲದ ಲೆಕ್ಕವೆಲ್ಲ ರೈತನ ತಲೆಯೊಳಗಿರುತ್ತದೆ.

ಒಳಗಿನ ವಿದ್ಯೆಯನ್ನು ಹೊರಕ್ಕೆ ಒಯ್ಯುವ ಕೆಲಸಕ್ಕೆ ನಮ್ಮಲ್ಲಿ ಹೆಸರೊಂದು ರೂಢಿಯಲ್ಲಿದೆ. ಅದನ್ನು ‘ವಿಸ್ತರಣೆ’ ಎನ್ನುತ್ತೇವೆ. ಹೊರಗಿನ ತಿಳಿವನ್ನು ಒಳಕ್ಕೆ ತರುವ ಕೆಲಸಕ್ಕೆ ಏನೆಂದು ಕರೆಯಬೇಕು? ನಾನು ಕನ್ನಡದ ಅಧ್ಯಾಪಕ. ಪದಗಳನ್ನು ಹುಡುಕುವುದು ನನ್ನ ಕಸುಬು. ಆದರೂ ಈ ಕೆಲಸಕ್ಕೆ ರೂಢಿಯಲ್ಲಿರುವ ಒಂದು ಪದ ನನಗೆ ಸಿಕ್ಕಿಲ್ಲ. ಪದವಿಲ್ಲದಿರುವುದಕ್ಕೆ ಕಾರಣ, ಬಹುಶಃ, ಆ ಕೆಲಸವೇ ನಮ್ಮಲ್ಲಿ ವಿರಳವಾಗಿರುವುದು.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವುಂಟು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೨ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳ ಸಾಮಾಜಿಕ ಹೊಣೆಗಾರಿಕೆಯನ್ನೂ ಸಮುದಾಯದೊಡನೆ ಅವುಗಳ ಒಡನಾಟವನ್ನೂ ಕುರಿತು ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟೊಂದನ್ನು ಹೊರಡಿಸಿತು. ಎಲ್ಲ ಶಾಖೆಗಳ ವಿದ್ಯಾರ್ಥಿಗಳಿಗೂ ಎರಡು ಕ್ರೆಡಿಟ್ಟುಗಳ ಒಂದು ಪಾಠವಿರಬೇಕು, ಅದರಲ್ಲಿ ಅರ್ಧ ತರಗತಿಯಲ್ಲಿ ನಡೆದರೆ ಇನ್ನರ್ಧ ಊರಿನಲ್ಲಿ, ಜನರ ನಡುವೆ ನಡೆಯಬೇಕು ಎಂಬುದು ಅದರ ತಿರುಳು. ವಿಶ್ವವಿದ್ಯಾನಿಲಯವೂ ಸಮುದಾಯವೂ ಪರಸ್ಪರ ಗೌರವದಿಂದ ಒಬ್ಬರಿಂದೊಬ್ಬರು ಕಲಿಯಬೇಕೆಂಬುದನ್ನು ಅದು ತತ್ತ್ವವಾಗಿ ಒಪ್ಪಿದೆ. ಅಧ್ಯಾಪಕರ ಇಂತಹ ದುಡಿಮೆಗೂ ಮನ್ನಣೆ ಸಲ್ಲಬೇಕೆಂದು ಹೇಳಿದೆ. ಅವರನ್ನು ಇದಕ್ಕೆ ಅಣಿಗೊಳಿಸುವ ತರಬೇತಿಯ ಮಾತೂ ಅದರ ಬೆನ್ನಿಗೇ ಬಂದಿದೆ.

ಮಾತು ಒಳ್ಳೆಯದೇ. ಆದರೆ ಈ ಪಾಠವನ್ನು ಹೇಳಬೇಕಾದ ನಮ್ಮ ಸಿದ್ಧತೆ ಎಷ್ಟರದು? ನಾವು ಎಂ.ಎ. ಮಾಡಿದೆವು, ಅರ್ಹತಾ ಪರೀಕ್ಷೆಗಳನ್ನು ದಾಟಿದೆವು, ಕೆಲವರು ಮಹಾಪ್ರಬಂಧಗಳನ್ನೂ ಬರೆದೆವು. ಇಷ್ಟು ದೀರ್ಘವಾದ ಹಾದಿಯಲ್ಲಿ ಒಂದು ದಿನವಾದರೂ ಊರ ಕಟ್ಟೆಯ ಮೇಲೆ ಸುಮ್ಮನೆ ಕುಳಿತು ಕೇಳುವುದನ್ನು ನಮಗೆ ಯಾರೂ ಕಲಿಸಲಿಲ್ಲ. ಮಾತನಾಡುವುದು ನಮ್ಮ ವೃತ್ತಿ. ಐವತ್ತೈದು ನಿಮಿಷ ಎಡೆಬಿಡದೆ ಮಾತನಾಡಿದವನು ಒಳ್ಳೆಯ ಅಧ್ಯಾಪಕನೆಂಬ ಕೀರ್ತಿಯನ್ನು ಪಡೆಯುತ್ತಾನೆ. ಅಂಥವನನ್ನು ಏಕಾಏಕಿ ಹಳ್ಳಿಗೆ ಕಳುಹಿಸಿದರೆ ಅಲ್ಲಿಯೂ ಅವನು ಐವತ್ತೈದು ನಿಮಿಷ ಮಾತನಾಡಿ ಬರುತ್ತಾನೆ.

ಇದನ್ನು ಇನ್ನೊಬ್ಬರ ಮೇಲಿಟ್ಟು ಹೇಳುತ್ತಿಲ್ಲ. ಕೆಲವು ವರ್ಷಗಳ ಕೆಳಗೆ ನಾನೇ ಮೂವತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಈ ಭಾಗದ ಒಂದು ಹಳ್ಳಿಗೆ ಹೋಗಿದ್ದೆ. ಕೈಯಲ್ಲಿ ಅಚ್ಚುಮಾಡಿಸಿದ ಪ್ರಶ್ನಾವಳಿ. ಮನೆಯಲ್ಲಿ ಜನ ಎಷ್ಟು, ದನ ಎಷ್ಟು, ಓದಿದವರೆಷ್ಟು, ಶೌಚಾಲಯವಿದೆಯೆ, ವರಮಾನವೆಷ್ಟು ಎಂದು ನಲವತ್ತು ಪ್ರಶ್ನೆಗಳು. ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ಮುಗಿದಿತ್ತು; ‘ಮುಗಿದಿತ್ತು’ ಎಂಬ ಮಾತನ್ನೇ ನಾವು ಅಂದು ಬಳಸಿದೆವು. ಒಂದು ಮನೆಯ ಮುಂದೆ ಜೋಳವನ್ನು ಹಸನು ಮಾಡುತ್ತ ಕುಳಿತಿದ್ದ ವೃದ್ಧೆಯೊಬ್ಬರು ನಮ್ಮ ಹುಡುಗಿಯ ಏಳೆಂಟು ಪ್ರಶ್ನೆಗಳಿಗೆ ಉತ್ತರ ಹೇಳಿ, ಮೊರವನ್ನು ಕೆಳಗಿಟ್ಟು, ನನ್ನತ್ತ ತಿರುಗಿದರು.

“ಹೋದ ವರ್ಷನೂ ಹಿಂಗಾ ಬಂದು ಬರಕಂಡು ಹೋಗಿದ್ರು, ಸರ. ನಮ್ಮ ಮಾತು ನಿಮ್ಮ ಹಾಳಿ ಮ್ಯಾಗ ಹೋತು. ಆ ಹಾಳಿ ಎಲ್ಲಿಗ ಹೋತು?”

ಅದು ಬೇರೆ ಕಾಲೇಜಿನವರದ್ದಿರಬೇಕು ಅಮ್ಮಾ, ಎಂದು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ. ಏಕೆಂದರೆ ನಮ್ಮ ಹಾಳೆಗಳೂ ಎಲ್ಲಿಗೆ ಹೋಗಲಿವೆಯೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವು ಕಡತವಾಗುತ್ತವೆ, ಕಡತಕ್ಕೆ ಛಾಯಾಚಿತ್ರಗಳು ಸೇರುತ್ತವೆ, ಪರಿಶೀಲನೆಗೆ ಬಂದ ಸಮಿತಿಯ ಮುಂದೆ ಒಂದು ದಿನ ಮೇಜಿನ ಮೇಲೆ ಕುಳಿತು, ಮರುದಿನ ಕಪಾಟಿನೊಳಗೆ ಹೋಗುತ್ತವೆ. ಆ ತಾಯಿಯ ಪ್ರಶ್ನೆಯು ನಮ್ಮ ನಲವತ್ತು ಪ್ರಶ್ನೆಗಳಲ್ಲಿ ಇರಲಿಲ್ಲ. ಅದಕ್ಕೆ ಉತ್ತರವೂ ನನ್ನ ಬಳಿ ಇರಲಿಲ್ಲ.

ಕೊಡುವ ಕೈ, ಕೇಳುವ ಕಿವಿ

ನಮ್ಮ ವಿಶ್ವವಿದ್ಯಾನಿಲಯಗಳು ಜನರನ್ನು ಮರೆತವೆಂದು ಸಾರಾಸಗಟಾಗಿ ಹೇಳುವುದು ಅನ್ಯಾಯವಾದೀತು. ೧೯೧೬ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯವು ೧೯೩೦ರ ದಶಕದಲ್ಲಿ ಪ್ರಚಾರೋಪನ್ಯಾಸಗಳ ಪರಂಪರೆಯನ್ನು ಬೆಳೆಸಿತು. ದೊಡ್ಡ ವಿದ್ವಾಂಸರು ಸಣ್ಣ ಊರುಗಳಿಗೆ ಹೋಗಿ, ವಿಜ್ಞಾನ, ಚರಿತ್ರೆ, ಸಾಹಿತ್ಯಗಳನ್ನು ತಿಳಿಗನ್ನಡದಲ್ಲಿ ಹೇಳಿದರು; ಆ ಉಪನ್ಯಾಸಗಳು ಅಗ್ಗದ ಬೆಲೆಯ ಪುಟ್ಟ ಹೊತ್ತಗೆಗಳಾಗಿ ಮನೆಮನೆಗೆ ಹೋದುವು. ಕನ್ನಡದಲ್ಲಿ ಶಾಸ್ತ್ರವನ್ನು ಹೇಳಬಹುದೆಂಬ ಧೈರ್ಯ ನಾಡಿಗೆ ಬಂದುದರಲ್ಲಿ ಆ ಹೊತ್ತಗೆಗಳ ಪಾಲು ಸಣ್ಣದಲ್ಲ. ಬಂಗಾಳದಲ್ಲಿ ರವೀಂದ್ರರು ೧೯೨೨ರಲ್ಲಿ ಶ್ರೀನಿಕೇತನವನ್ನು ಸ್ಥಾಪಿಸಿ, ತಮ್ಮ ವಿಶ್ವಭಾರತಿಯ ಪಕ್ಕದಲ್ಲಿಯೇ ಗ್ರಾಮಸೇವೆಗೂ ಒಂದು ಮನೆಯನ್ನು ಕಟ್ಟಿದರು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ ೧೯೬೯ರಲ್ಲಿ ೩೭ ವಿಶ್ವವಿದ್ಯಾನಿಲಯಗಳ ೪೦,೦೦೦ ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಅದರ ಶಿಬಿರಗಳಲ್ಲಿ ಗುದ್ದಲಿ ಹಿಡಿದ ನೆನಪು ನನ್ನ ತಲೆಮಾರಿನ ಅನೇಕರಿಗೆ ಇಂದಿಗೂ ಸಿಹಿಯಾಗಿದೆ.

ಇವೆಲ್ಲವೂ ಹಿರಿಯ ಕಾರ್ಯಗಳು. ಆದರೆ ಉಪನ್ಯಾಸವಾಗಲಿ ಶ್ರಮದಾನವಾಗಲಿ ನಮ್ಮ ಕೈಯಲ್ಲಿ ನಡೆದ ಬಗೆಯನ್ನು ನೋಡಿದರೆ, ಬಹುಮಟ್ಟಿಗೆ ಅದು ಕೊಡುವವರ ಕಾರ್ಯವಾಗಿಯೇ ಉಳಿಯಿತು. ಹಳ್ಳಿ ತೆಗೆದುಕೊಳ್ಳಬೇಕು, ನಾವು ಕೊಡಬೇಕು.

ನಮ್ಮ ಈ ಸೀಮೆಯಲ್ಲಂತೂ ಕೊಡುವವರೇ ಬಹು ದೂರದಲ್ಲಿದ್ದರು. ೧೯೫೬ರಲ್ಲಿ ಏಕೀಕರಣವಾಗುವವರೆಗೆ ಸಿಂಧನೂರು, ಲಿಂಗಸುಗೂರುಗಳು ಹೈದರಾಬಾದು ಸಂಸ್ಥಾನಕ್ಕೆ, ಆ ಬಳಿಕ ಹೈದರಾಬಾದು ರಾಜ್ಯಕ್ಕೆ ಸೇರಿದ್ದುವು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವೇ ಸಂಸ್ಥಾನದ ವಿದ್ಯೆಯ ಶಿಖರ. ನಿಜಾಮರ ಕಾಲದಲ್ಲಿ ಅಲ್ಲಿ ಪಾಠ ನಡೆಯುತ್ತಿದ್ದುದು ಉರ್ದುವಿನಲ್ಲಿ. ದೇಶಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಹೇಳಿದ ಸಾಹಸವೆಂದು ಅದನ್ನು ಮೆಚ್ಚಬೇಕು. ಆದರೆ ಎರೆಹೊಲದ ರೈತನ ಮಗನಿಗೆ ವಿದ್ಯೆಯೆಂದರೆ ರೈಲು ಹತ್ತಿ ಹೋಗಿ ಇನ್ನೊಂದು ಭಾಷೆಯಲ್ಲಿ ಕಲಿಯಬೇಕಾದ ವಸ್ತುವಾಗಿತ್ತು. ಗುಲ್ಬರ್ಗಾ ವಿಶ್ವವಿದ್ಯಾನಿಲಯ ಹುಟ್ಟಿದ್ದು ೧೯೮೦ರಲ್ಲಿ; ರಾಯಚೂರಿಗೆ ಕೃಷಿ ವಿಶ್ವವಿದ್ಯಾನಿಲಯ ಬಂದದ್ದು ೨೦೦೯ರಲ್ಲಿ. ದೂರವೇನೋ ಕಡಿಮೆಯಾಯಿತು. ಆದರೆ ಓದಿದವನು ಬೇರೆ, ಊರಿನವನು ಬೇರೆ ಎಂಬ ಹಳೆಯ ಭಾವನೆ ಅಷ್ಟು ಬೇಗ ಅಳಿಯಲಿಲ್ಲ.

ಬ್ರೆಜಿಲ್ ದೇಶದ ಶಿಕ್ಷಣತಜ್ಞ ಪಾವ್ಲೊ ಫ್ರೇರೆ ಅವರು ದೇಶಭ್ರಷ್ಟರಾಗಿ ಚಿಲಿಯಲ್ಲಿದ್ದಾಗ ಅಲ್ಲಿಯ ಕೃಷಿತಜ್ಞರನ್ನು ಕುರಿತು ಒಂದು ಸಣ್ಣ ಪುಸ್ತಕವನ್ನು ಬರೆದರು. ೧೯೬೯ರಲ್ಲಿ ಹೊರಬಂದ ಆ ಪುಸ್ತಕದ ಹೆಸರೇ ಒಂದು ಪ್ರಶ್ನೆ: ವಿಸ್ತರಣೆಯೋ, ಸಂವಹನವೋ? ಬಲ್ಲವನು ಅರಿಯದವನತ್ತ ಕೈಚಾಚಿ ತಿಳಿವನ್ನು ನೀಡುವುದು ವಿಸ್ತರಣೆ. ಒಂದೇ ಹೊಲದ ಅಂಚಿನಲ್ಲಿ ನಿಂತ ಇಬ್ಬರು ಒಂದೇ ಸಮಸ್ಯೆಯನ್ನು ನೋಡುತ್ತ ಮಾತನಾಡುವುದು ಸಂವಹನ. ಎರಡನೆಯದೇ ಶಿಕ್ಷಣವೆಂದು ಅವರ ಅಭಿಪ್ರಾಯ. ಅವರು ದಢೇಸುಗೂರನ್ನು ಕಂಡವರಲ್ಲ; ಆದರೆ ಅವರ ಪ್ರಶ್ನೆಯನ್ನು ಇಲ್ಲಿಯ ಬೇಲಿಯ ಬಳಿ ನಿಂತು ಕೇಳಿದರೂ ಸಲ್ಲುತ್ತದೆ.

ಕಾಲುವೆಯೇ ಪಠ್ಯ

ಅಧ್ಯಾಪಕರ ತರಬೇತಿ ನಗರದ ಸಭಾಂಗಣದಲ್ಲಿ ನಡೆಯುವುದಕ್ಕಿಂತ ಇಂತಹ ಊರಿನಲ್ಲಿ ನಡೆಯಬೇಕೆಂದು ನಾನೇಕೆ ಹೇಳುತ್ತೇನೆಂಬುದನ್ನು ವಿವರಿಸಬೇಕು.

ತುಂಗಭದ್ರಾ ಅಣೆಕಟ್ಟಿಗೆ ೧೯೪೫ರಲ್ಲಿ ಹೈದರಾಬಾದು ಮತ್ತು ಮದರಾಸು ಸರಕಾರಗಳು ಅಡಿಗಲ್ಲಿಟ್ಟುವು. ೧೯೫೩ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆಯ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳ ನೆಲವನ್ನು ಹಾಯ್ದು ರಾಯಚೂರಿನ ಕಡೆಗೆ ಹರಿಯುತ್ತದೆ. ಯೋಜನೆಯನ್ನು ಹಾಕಿದವರು ಹೆಚ್ಚಿನ ಭೂಮಿಗೆ ಜೋಳ, ಹತ್ತಿ, ಶೇಂಗಾಗಳಂಥ ಹಗುರ ನೀರಾವರಿಯ ಬೆಳೆಗಳನ್ನೇ ಗೊತ್ತುಮಾಡಿದ್ದರು. ಆದರೆ ನೀರು ಕಂಡ ನೆಲ ನೆಲ್ಲನ್ನು ಬೇಡಿತು. ಗೋದಾವರಿ, ಕೃಷ್ಣಾ ಬಯಲುಗಳಿಂದ ಬಂದ ತೆಲುಗು ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು ಗದ್ದೆಯ ಬೇಸಾಯವನ್ನು ಹರಡಿದರು; ಊರವರೂ ಅವರನ್ನು ನೋಡಿ ಕಲಿತರು. ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಸಿಂಧನೂರು ತಾಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆ ದೊರೆಯಿತು. ಕಾಲುವೆಯ ಮೇಲ್ಭಾಗದವರು ನೆಲ್ಲು ಬೆಳೆದಂತೆ ಕೆಳಭಾಗದವರಿಗೆ ನೀರು ತಲಪುವುದು ಕಷ್ಟವಾಯಿತು. ಅತಿಯಾಗಿ ನೀರುಂಡ ಎರೆಭೂಮಿ ಕೆಲವೆಡೆ ಸವಳು-ಜವಳಾಯಿತು. ಇತ್ತ ಜಲಾಶಯದಲ್ಲಿ ಹೂಳು ತುಂಬಿ, ಮೊದಲು ೧೩೩ ಟಿ.ಎಂ.ಸಿ. ಅಡಿಯಿದ್ದ ಅದರ ಹಿಡಿತ ೧೦೫ರ ಆಸುಪಾಸಿಗೆ ಇಳಿದಿದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೧೯ನೆಯ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿದು ಕುಳಿತದ್ದನ್ನು ನಾವೆಲ್ಲ ಕಂಡೆವು.

ಇದರಲ್ಲಿ ಯಾವ ಶಾಖೆಯ ಪಾಠವಿಲ್ಲ? ಸವಳು ಮಣ್ಣಿನಲ್ಲಿ ರಸಾಯನಶಾಸ್ತ್ರವಿದೆ. ಮೇಲ್ಭಾಗ ಕೆಳಭಾಗಗಳ ಜಗಳದಲ್ಲಿ ರಾಜ್ಯಶಾಸ್ತ್ರವೂ ಅರ್ಥಶಾಸ್ತ್ರವೂ ಇವೆ. ಕ್ಯಾಂಪುಗಳಲ್ಲಿ ಚರಿತ್ರೆಯಿದೆ, ಸಮಾಜಶಾಸ್ತ್ರವಿದೆ. ಕನ್ನಡ, ತೆಲುಗು, ಉರ್ದು, ಬಂಗಾಳಿಗಳು ಒಂದೇ ಸಂತೆಯಲ್ಲಿ ಕೇಳಿಸುವ ಸಿಂಧನೂರಿಗಿಂತ ಭಾಷಾಶಾಸ್ತ್ರದ ಒಳ್ಳೆಯ ಪ್ರಯೋಗಶಾಲೆ ಎಲ್ಲಿದೆ? ‘ಹದ’ ಎಂಬ ಎರಡಕ್ಷರದ ಮಾತನ್ನೇ ತೆಗೆದುಕೊಳ್ಳಿ. ಬಿತ್ತನೆಗೆ ಬೇಕಾದಷ್ಟೇ ತೇವ ಮಣ್ಣಿನಲ್ಲಿರುವ ಸ್ಥಿತಿಯನ್ನು ಹೇಳಲು ಪುಸ್ತಕಕ್ಕೆ ಎರಡು ವಾಕ್ಯ ಬೇಕು. ರೈತ ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿ ನೋಡಿ ಒಂದೇ ಮಾತಿನಲ್ಲಿ ಹೇಳುತ್ತಾನೆ. ಆ ಮಾತನ್ನು ನಾನು ಇಪ್ಪತ್ತು ವರ್ಷ ಕಾವ್ಯದ ಪಾಠದಲ್ಲಿ ಬಳಸಿದ್ದೇನೆ. ಅಂಗೈಯಲ್ಲಿ ಅದು ಹೇಗಿರುತ್ತದೆಂದು ತಿಳಿದದ್ದು ನಲವತ್ತು ದಾಟಿದ ಮೇಲೆ.

ಕೃಷಿ ಕಾಲೇಜಿನವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆಂದು ಒಪ್ಪಬೇಕು. ಅವರ ಅಂತಿಮ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ವಾರಗಟ್ಟಲೆ ಹಳ್ಳಿಯಲ್ಲಿದ್ದು, ರೈತ ಕುಟುಂಬಗಳೊಡನೆ ಬೆರೆತು, ಊರವರ ಕೈಯಿಂದಲೇ ರಂಗೋಲಿಯ ಪುಡಿಯಲ್ಲಿ ಊರಿನ ನಕ್ಷೆಯನ್ನು ಬರೆಯಿಸುತ್ತಾರೆ. ಕಲೆ, ವಾಣಿಜ್ಯ, ವಿಜ್ಞಾನಗಳ ಕಾಲೇಜುಗಳಿಗೆ ಈ ಪದ್ಧತಿ ಅಪರಿಚಿತ. ಬೇಲಿಯ ಒಳಗಿನವರಿಂದ ನಾವು ಮೊದಲು ಕಲಿಯಬೇಕಾದುದು ಇದನ್ನೇ.

ತರಬೇತಿ ಎಂದರೇನು?

ಅಧ್ಯಾಪಕರ ತರಬೇತಿಗೆಂದು ೧೯೮೭ರಿಂದ ವಿಶ್ವವಿದ್ಯಾನಿಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ನಡೆದುಬಂದುವು. ಹೆಸರುಗಳು ಬದಲಾಗುತ್ತ, ೨೦೨೩ರಿಂದ ಅವು ಮಾಳವೀಯ ಮಿಷನ್ನಿನ ಅಡಿಯಲ್ಲಿವೆ. ಅಲ್ಲಿ ಕಲಿತದ್ದು ನನಗೆ ಉಪಯೋಗವಾಗಿದೆ. ಆದರೆ ಸಮುದಾಯದೊಡನೆ ಕಲಿಯುವ ಕಲೆಯನ್ನು ಕುರ್ಚಿಯ ಮೇಲೆ ಕುಳಿತು ಕಲಿಯುವುದು ದಡದಲ್ಲಿ ನಿಂತು ಈಜು ಕಲಿತಂತೆ.

ಒಮ್ಮೆ ಇಂತಹದೇ ಒಂದು ಶಿಬಿರದಲ್ಲಿದ್ದೆ. ಎರಡು ದಿನ ಪರದೆಯ ಮೇಲೆ ಚಿತ್ರಗಳನ್ನು ನೋಡಿದ ಬಳಿಕ ಮೂರನೆಯ ದಿನ ಒಂದು ಹಳ್ಳಿಗೆ ಹೋದೆವು. ವಾಣಿಜ್ಯದ ಸಹೋದ್ಯೋಗಿಯೊಬ್ಬರು ಬೇವಿನ ಕಟ್ಟೆಯ ಮೇಲಿದ್ದ ಹಿರಿಯರನ್ನು, “ತಾತ, ನಿಮ್ಮ ವಾರ್ಷಿಕ ವರಮಾನ ಎಷ್ಟು?” ಎಂದು ಕೇಳಿದರು. ಆತ ತುಸು ಹೊತ್ತು ಯೋಚಿಸಿ, “ಯಾವ ವರ್ಷದ್ದು ಹೇಳ್ಲಿ ಸರ? ಎರಡು ಬೆಳಿ ಬಂದ ವರ್ಷದ್ದೋ, ಒಂದಾ ಬೆಳಿ ಬಂದ ವರ್ಷದ್ದೋ, ನೀರಾ ಬರದ ವರ್ಷದ್ದೋ?” ಎಂದು ತಿರುಗಿ ಕೇಳಿದ. ನಮ್ಮ ಗೆಳೆಯರ ಕಾಗದದಲ್ಲಿ ಉತ್ತರಕ್ಕೆ ಒಂದೇ ಚೌಕವಿತ್ತು. ಆ ಚೌಕವನ್ನು ನೋಡುತ್ತ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕಾಗದವನ್ನು ಮಡಿಸಿ ಜೇಬಿಗಿಟ್ಟು, “ಮೂರನ್ನೂ ಹೇಳಿ ತಾತ” ಎಂದು ಕಟ್ಟೆಯ ಮೇಲೆ ಪಕ್ಕದಲ್ಲಿ ಕುಳಿತರು. ನನ್ನ ಲೆಕ್ಕದಲ್ಲಿ ಆ ಶಿಬಿರದ ತರಬೇತಿ ಆರಂಭವಾದದ್ದು ಆ ಕ್ಷಣದಲ್ಲಿ.

ಅದೇ ಸಂಜೆ ಕೂರಿಗೆಯ ಮಾತು ಬಂತು. ನೀರನ್ನೂ ಕೂಲಿಯನ್ನೂ ಉಳಿಸಲು ನೆಲ್ಲಿನ ಸಸಿ ನಾಟಿ ಮಾಡುವ ಬದಲು ನೇರವಾಗಿ ಕೂರಿಗೆಯಿಂದ ಬಿತ್ತಬೇಕೆಂದು ವಿಜ್ಞಾನಿಗಳು ಈ ಸೀಮೆಯಲ್ಲಿ ಹೇಳುತ್ತ ಬಂದಿದ್ದಾರೆ. ಅನೇಕರು ಬಿತ್ತುತ್ತಲೂ ಇದ್ದಾರೆ. ತಾತ ನಕ್ಕು, “ಕೂರಿಗಿ ನಮ್ಮಪ್ಪನ ಕಾಲದ್ದು. ಅದರಾಗ ಜೋಳ ಬಿತ್ತಿದ್ವಿ. ಕಾಲುವಿ ಬಂದ ಮ್ಯಾಲೆ ಅಟ್ಟಕ್ಕ ಹಾಕಿದ್ವಿ, ಈಗ ನೀವಾ ಇಳಸ್ರಿ ಅಂತೀರಿ” ಎಂದ. ಬಳಿಕ ಅದರ ತೊಡಕನ್ನೂ ತಾನೇ ಹೇಳಿದ: ಗದ್ದೆಯಲ್ಲಿ ನಿಂತ ನೀರು ಕಳೆಯನ್ನು ಅಡಗಿಸುತ್ತದೆ, ಕೂರಿಗೆಯ ನೆಲ್ಲಿನಲ್ಲಿ ಕಳೆಯದೇ ಕಾಟ. ವಿಜ್ಞಾನಿಗಳ ಪುಸ್ತಕದಲ್ಲಿರುವುದೂ ಇದೇ. ಪುಸ್ತಕವೂ ತಾತನೂ ಒಂದೇ ಮಾತನ್ನು ಆಡಿದ್ದನ್ನು ಕೇಳಿದಾಗ, ಆ ಬೇಲಿ ನಾನೆಣಿಸಿದಷ್ಟು ಎತ್ತರವಾದುದಲ್ಲವೆನಿಸಿತು.

ಈ ಅನುಭವಗಳಿಂದ ನಾನು ಕಂಡುಕೊಂಡದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲನೆಯದಾಗಿ, ತರಬೇತಿಗೆ ಬಂದ ಅಧ್ಯಾಪಕನು ಹಳ್ಳಿಯಲ್ಲಿ ಕೆಲವು ರಾತ್ರಿಗಳನ್ನಾದರೂ ಕಳೆಯಬೇಕು. ಹಗಲಿನಲ್ಲಿ ಊರು ದುಡಿಯುತ್ತದೆ. ಮಾತನಾಡುವುದು ರಾತ್ರಿ ಊಟವಾದ ಮೇಲೆ. ಎರಡನೆಯದಾಗಿ, ಗಂಡಸರ ಮಾತನ್ನಷ್ಟೇ ಊರಿನ ಮಾತೆಂದು ತಿಳಿಯಬಾರದು. ನಕ್ಷೆ ಬರೆಯಿರೆಂದಾಗ ಆ ಊರಿನ ಗಂಡಸರು ಕಾಲುವೆಯನ್ನೂ ರಸ್ತೆಯನ್ನೂ ದೊಡ್ಡದಾಗಿ ಎಳೆದರು. ಹೆಂಗಸರು ಕುಡಿಯುವ ನೀರಿನ ನಲ್ಲಿಯನ್ನೂ ಅಂಗನವಾಡಿಯನ್ನೂ ಕತ್ತಲಾದ ಮೇಲೆ ಹೋಗಲಂಜುವ ಓಣಿಯನ್ನೂ ಗುರುತಿಸಿದರು. ಊರು ಒಂದೇ, ನಕ್ಷೆ ಎರಡು. ಮೂರನೆಯದಾಗಿ, ಏನನ್ನು ಕಲಿಯಬೇಕೆಂಬುದನ್ನು ಊರವರೊಡನೆ ಕೂಡಿ ಗೊತ್ತುಮಾಡಬೇಕು. ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು: ವಿದ್ಯಾರ್ಥಿಗಳ ಎದುರಿನಲ್ಲಿ “ಇದು ನನಗೆ ಗೊತ್ತಿಲ್ಲ, ಇವರನ್ನು ಕೇಳೋಣ” ಎನ್ನುವ ಅಭ್ಯಾಸ ನಮಗಾಗಬೇಕು. ಅಧ್ಯಾಪಕನ ಗೌರವ ಇದರಿಂದ ಕುಗ್ಗುವುದೆಂಬ ಭಯ ಸಹಜ. ಕುಗ್ಗುವುದಿಲ್ಲವೆಂದು ಅನುಭವದಿಂದ ಹೇಳಬಲ್ಲೆ.

ಆಕ್ಷೇಪಣೆಗಳಿಲ್ಲವೆಂದಲ್ಲ. ಪಾಠದ ಹೊರೆಯೇ ಹೆಚ್ಚಾಗಿರುವಾಗ ಇದಕ್ಕೆ ಬಿಡುವೆಲ್ಲಿ ಎನ್ನುವವರುಂಟು. ನಮ್ಮ ಸರಕಾರಿ ಪದವಿ ಕಾಲೇಜುಗಳ ಭಾರವನ್ನು ಸಾವಿರಾರು ಮಂದಿ ಅತಿಥಿ ಉಪನ್ಯಾಸಕರು ಹೊತ್ತಿದ್ದಾರೆ; ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುವೆನೋ ಇಲ್ಲವೋ ಎಂದು ತಿಳಿಯದವನು ಒಂದು ಊರಿನೊಡನೆ ದೀರ್ಘವಾದ ಸಂಬಂಧವನ್ನು ಬೆಳೆಸುವುದು ಹೇಗೆ? ಈ ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರ ತರಬೇತಿಯಲ್ಲಿಲ್ಲ, ಸರಕಾರದ ಬಳಿಯಿದೆ. ಇನ್ನು, ಎರಡು ಕ್ರೆಡಿಟ್ಟಿಗಾಗಿ ಊರಿಗೆ ನುಗ್ಗುವ ಗುಂಪುಗಳಿಂದ ಹಳ್ಳಿಯು ಪ್ರಯೋಗಶಾಲೆಯ ಕಪ್ಪೆಯಾದೀತೆಂಬ ಭಯವೂ ಸುಳ್ಳಲ್ಲ. ಮೊರವನ್ನು ಕೆಳಗಿಟ್ಟು ಪ್ರಶ್ನೆ ಕೇಳಿದ ಆ ತಾಯಿ ಹೇಳಿದ್ದೂ ಅದನ್ನೇ. ಅರ್ಧಂಬರ್ಧ ಸಿದ್ಧತೆಯಿಂದ ಹೋಗುವುದಕ್ಕಿಂತ ಹೋಗದಿರುವುದೇ ಲೇಸು. ತರಬೇತಿ ಅವಶ್ಯವಾಗುವುದು ಇದರಿಂದಲೇ.

ತೀರಿಸಬೇಕಾದ ಸಾಲ

ಸಿಂಧನೂರಿಗೆ ಸಮೀಪದ ಮಸ್ಕಿಯಲ್ಲಿ ಅಶೋಕನ ಶಾಸನವಿರುವುದು ಎಲ್ಲರೂ ಬಲ್ಲ ಸಂಗತಿ. ೧೯೧೫ರಲ್ಲಿ ಚಿನ್ನದ ಅದಿರನ್ನು ಅರಸುತ್ತ ಬಂದ ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ ಬಿದ್ದ ಆ ಬಂಡೆ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಸ್ಥಿರಪಡಿಸಿತು. ಹೆಸರಿನ ಚರ್ಚೆಯಲ್ಲಿ ಅದರ ಸಂದೇಶವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಧರ್ಮದ ಸಾಧನೆ ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು, ಸಣ್ಣವರಿಗೂ ಅದು ಸಾಧ್ಯ, ಇಬ್ಬರಿಗೂ ಇದನ್ನು ತಿಳಿಸಿ ಹೇಳಬೇಕು ಎಂಬುದು ಅದರ ಅಭಿಪ್ರಾಯ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಒಬ್ಬ ಚಕ್ರವರ್ತಿ ಅಷ್ಟು ಹೇಳಿದ. ಇಬ್ಬರಿಂದಲೂ ಕೇಳಿ ತಿಳಿಯಬೇಕು ಎಂಬ ಸಾಲನ್ನು ಸೇರಿಸುವುದು ನಮ್ಮ ಪಾಲಿಗೆ ಉಳಿದಿದೆ.

ಮರುವರ್ಷ ನಾನು ಆ ಹಳ್ಳಿಗೆ ಮತ್ತೆ ಹೋದೆ. ಈ ಸಲ ಪ್ರಶ್ನಾವಳಿಯಿರಲಿಲ್ಲ. ಹಿಂದಿನ ವರ್ಷ ಬರೆದುಕೊಂಡದ್ದನ್ನೆಲ್ಲ ವಿದ್ಯಾರ್ಥಿಗಳು ನಾಲ್ಕು ದೊಡ್ಡ ಹಾಳೆಗಳ ಮೇಲೆ ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಬರೆದಿದ್ದರು. ಸಂಜೆ ಗುಡಿಯ ಮುಂದೆ ಅವನ್ನು ಗೋಡೆಗೆ ತೂಗುಹಾಕಿ ಓದಿ ಹೇಳಿದೆವು. ಐದು ಕಡೆ ಜನ ನಮ್ಮನ್ನು ತಿದ್ದಿದರು. ಒಂದು ಓಣಿಯನ್ನೇ ನಾವು ಬಿಟ್ಟುಬಿಟ್ಟಿದ್ದೆವು. ಬೇಸಗೆಯಲ್ಲಿ ಕುಡಿಯುವ ನೀರಿಗೆ ಅಲೆದಾಡುವ ದಿನಗಳ ಲೆಕ್ಕವನ್ನು ಮಾತ್ರ ಪಂಚಾಯತಿಯ ಸದಸ್ಯರೊಬ್ಬರು ತಮ್ಮ ಪುಸ್ತಕಕ್ಕೆ ಇಳಿಸಿಕೊಂಡರು. ಅರ್ಜಿಗೆ ಬೇಕಾಗುತ್ತದೆ ಎಂದರು. ಅದರಿಂದ ನೀರು ಬಂತೆಂದು ಹೇಳಲಾರೆ. ಅರ್ಜಿ ಹೋಯಿತು.

ಆ ವೃದ್ಧೆ ಗುಡಿಯ ಕಟ್ಟೆಯ ತುದಿಯಲ್ಲಿ ಕುಳಿತಿದ್ದರು. ಎಲ್ಲವೂ ಮುಗಿದು ಜನ ಎದ್ದ ಮೇಲೆ ಹತ್ತಿರ ಬಂದು ಗೋಡೆಯ ಹಾಳೆಯನ್ನು ಒಮ್ಮೆ ಮುಟ್ಟಿ ನೋಡಿದರು. ಓದು ಅವರಿಗೆ ಬಾರದು.

“ಇದರಾಗ ನನ್ನ ಮಾತು ಎಲ್ಲೈತಿ?” ಎಂದು ಕೇಳಿದರು.

ನಮ್ಮ ಹುಡುಗಿ ಅವರ ಬೆರಳನ್ನು ಹಿಡಿದು ಮೂರನೆಯ ಹಾಳೆಯ ಒಂದು ಸಾಲಿನ ಮೇಲಿಟ್ಟಳು.